ಪದಚರ್ಚೆ: ಕಂಪ್ಯೂಟರ್ 'ಬೂಟ್' ಆಗದಿದ್ದರೆ ಕನ್ನಡದಲ್ಲಿ ಏನೆನ್ನಬೇಕು?

ತುಮಕೂರಿನಿಂದ, ಪ್ರಶ್ನೆ

ಮಾನ್ಯರೇ,

ನಮ್ಮ ತಾಲ್ಲೂಕಿನ ಒಂದು ಗ್ರಂಥಾಲಯದಲ್ಲಿ ಎಂಟು ಹಳೆಯ ಡೆಸ್ಕ್‌ಟಾಪ್‌ಗಳಿವೆ. ಅವು ಕೈಕೊಟ್ಟಾಗ ಏನು ನೋಡಬೇಕೆಂಬ ಒಂದು ಪುಟದ ಸೂಚನೆಯನ್ನು ಗೋಡೆಗೆ ಅಂಟಿಸುವ ಸಲುವಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಮುದ್ರಣಕ್ಕೆ ಕೊಡಬೇಕು. 'ಬೂಟ್' ಎಂಬ ಪದದ ಬಳಿ ಕೆಲಸ ನಿಂತಿದೆ.

ಮೂಲದಲ್ಲಿ ಮೂರು ಅವಸ್ಥೆಗಳನ್ನು ಹೇಳಿದೆ. ಮೊದಲನೆಯದರಲ್ಲಿ ಗುಂಡಿ ಒತ್ತಿದರೂ ದೀಪ ಹತ್ತುವುದಿಲ್ಲ, ಫ್ಯಾನ್ ತಿರುಗುವುದಿಲ್ಲ. ಎರಡನೆಯದರಲ್ಲಿ ಫ್ಯಾನ್ ತಿರುಗುತ್ತದೆ, ಕೆಲವೊಮ್ಮೆ ಬೀಪ್ ಸದ್ದೂ ಬರುತ್ತದೆ, ಆದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಮೂರನೆಯದರಲ್ಲಿ ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿ ಅಲ್ಲಿಗೇ ನಿಲ್ಲುತ್ತವೆ, ವಿಂಡೋಸ್ ಬರುವುದಿಲ್ಲ. ರಿಪೇರಿ ಅಂಗಡಿಯವರು ಇವನ್ನು 'ಪವರ್ ಇಲ್ಲ', 'ಡಿಸ್‌ಪ್ಲೇ ಇಲ್ಲ', 'ಬೂಟಾಗ್ತಿಲ್ಲ' ಎಂದು ಮೂರು ಬಗೆಯಾಗಿಯೇ ಹೇಳುತ್ತಾರೆ.

ನಾನು ಮೊದಲ ಕರಡಿನಲ್ಲಿ ಮೂರಕ್ಕೂ 'ಆರಂಭವಾಗದಿದ್ದರೆ' ಎಂದು ಬರೆದು ಗ್ರಂಥಪಾಲಕರಿಗೆ ಕೊಟ್ಟಿದ್ದೆ. ಮಾರನೆಯ ದಿನ ಐದನೆಯ ಯಂತ್ರದ ಪರದೆಯ ಎಡಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಣುಕುತ್ತ ನಿಂತಿತು. ಅವರು ನನ್ನ ಹಾಳೆಯನ್ನು ನಂಬಿ ಗೋಡೆಯ ಸ್ವಿಚ್ಚನ್ನು ಆರಿಸಿ ಹಾಕಿ, ಹಿಂಬದಿಯ ವೈರುಗಳನ್ನು ಒಂದೊಂದಾಗಿ ಕಿತ್ತು ಚುಚ್ಚಿ ಅರ್ಧ ಗಂಟೆ ಕಳೆದರು. ಯಾರೋ ಮುಂಬದಿಯಲ್ಲಿ ಪೆನ್‌ಡ್ರೈವ್ ಮರೆತು ಹೋಗಿದ್ದರು. ಯಂತ್ರವು ಹಾರ್ಡ್ ಡಿಸ್ಕನ್ನು ಬಿಟ್ಟು ಆ ಪೆನ್‌ಡ್ರೈವಿನೊಳಗೆ ವಿಂಡೋಸನ್ನು ಹುಡುಕುತ್ತಿತ್ತು. ತಪ್ಪು ನನ್ನ ಕ್ರಿಯಾಪದದ್ದು. ಆದ್ದರಿಂದ ಮೂರನೆಯ ಅವಸ್ಥೆಗೆ ಮಾತ್ರ ಸಲ್ಲುವ ಪದವೊಂದು ಬೇಕಾಗಿದೆ. 'ರೀಸ್ಟಾರ್ಟ್' ಎಂಬಲ್ಲಿ 'ಮರುಚಾಲನೆ' ಎಂದು ಬರೆದಿದ್ದೇನೆ, ಅದು ಸರಿಯೇ?

ಕೋಲಾರದಿಂದ

'ಚಾಲನೆಗೊಳ್ಳು' ಎಂಬ ಸೊಗಸಾದ ಪದವಿರುವಾಗ ಈ ಪ್ರಶ್ನೆ ಏಕೆ ಎದ್ದಿತೆಂದು ತಿಳಿಯಲಿಲ್ಲ. 'ಮರುಚಾಲನೆ' ಶುದ್ಧ ಅರಿಸಮಾಸ. ಕನ್ನಡದ 'ಮರು'ವನ್ನು ಸಂಸ್ಕೃತದ 'ಚಾಲನೆ'ಗೆ ಕಟ್ಟುವುದನ್ನು ಹಳಗನ್ನಡದ ವೈಯಾಕರಣ ಕೇಶಿರಾಜನ ಕಾಲದಿಂದಲೂ ದೋಷವೆಂದೇ ಎಣಿಸಿದ್ದಾರೆ. 'ಪುನಶ್ಚಾಲನೆ' ಎಂದು ತಿದ್ದಿಕೊಳ್ಳಿ. 'ಬೂಟು' ಪಾದರಕ್ಷೆ, ಗ್ರಂಥಾಲಯದ ಗೋಡೆಯ ಮೇಲೆ ಅದು ಬೇಡ.

ಶಿಡ್ಲಘಟ್ಟದಿಂದ

'ಚಾಲನೆ' ಎಂದೊಡನೆ ಪತ್ರಿಕೆ ಓದುವವರ ಕಣ್ಣಿಗೆ ಸಚಿವರೂ ಹಸಿರು ಬಾವುಟವೂ ಬರುತ್ತವೆಯೇ ಹೊರತು ಕಂಪ್ಯೂಟರ್ ಬರುವುದಿಲ್ಲ. 'ಪುನಶ್ಚಾಲನೆ'ಯನ್ನು ಓದಿ ಅರ್ಥಮಾಡಿಕೊಳ್ಳುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಅರಿಸಮಾಸವಾದರೂ ಬಿರುದುಗಳಿಗೆ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. 'ಮರುಮುದ್ರಣ', 'ಮರುಪರೀಕ್ಷೆ'ಗಳನ್ನು ನಾವು ದಿನವೂ ಬರೆಯುತ್ತೇವೆ.

ಇದಕ್ಕೆ ನಮ್ಮದೇ ಆದ 'ಏಳು' ಎಂಬ ಧಾತುವಿದೆ. ನಮ್ಮ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಯಾರನ್ನಾದರೂ ಕೇಳಿ ನೋಡಿ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಅದು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯನ್ನೆತ್ತಿ, ಅಲುಗಾಡದೆ ಇರುತ್ತದೆ. ಆಗ 'ಹುಳ ಜ್ವರಕ್ಕೆ ಕೂತಿದೆ' ಎನ್ನುತ್ತಾರೆ. ಪೊರೆ ಕಳಚಿ ಮತ್ತೆ ಸೊಪ್ಪಿಗೆ ಬಾಯಿ ಹಾಕುವಂತಾದಾಗ 'ಜ್ವರದಿಂದ ಎದ್ದಿದೆ' ಎನ್ನುತ್ತಾರೆ. ಕೂತ ಹುಳುವಿಗೆ ಜೀವವಿರುತ್ತದೆ, ಕೆಲಸವಿರುವುದಿಲ್ಲ. ಮಿಣುಕುವ ಗೆರೆಯ ಮುಂದೆ ನಿಂತ ಯಂತ್ರದ ಸ್ಥಿತಿಯೂ ಅದೇ ಆದ್ದರಿಂದ, 'ಯಂತ್ರ ಏಳದಿದ್ದರೆ' ಎಂದು ಬರೆಯಿರಿ. ಸಂಸ್ಕೃತದ ಹಂಗೂ ಬೇಡ, ಇಂಗ್ಲಿಷಿನ ಹಂಗೂ ಬೇಡ.

ಕೋಲಾರದಿಂದ

'ಜ್ವರ' ಯಾವ ಭಾಷೆಯ ಪದವೆಂದು ಶಿಡ್ಲಘಟ್ಟದ ಮಿತ್ರರು ಒಮ್ಮೆ ನಿಘಂಟು ತೆರೆದು ನೋಡಲಿ.

ಚಿಂತಾಮಣಿಯಿಂದ

ಕಂಪ್ಯೂಟರ್ ರಿಪೇರಿ ನನ್ನ ವೃತ್ತಿ. ವ್ಯಾಕರಣ ಅಷ್ಟಾಗಿ ತಿಳಿಯದು. ಆದರೂ ಎರಡು ಮಾತು ಹೇಳಬೇಕೆನಿಸಿತು.

ಪಾದರಕ್ಷೆ ಎಂದು ಕೋಲಾರದ ಹಿರಿಯರು ತಳ್ಳಿಹಾಕಿದ್ದು ಮೂಲಾರ್ಥವೇ ಹೌದು. ಬೂಟಿನ ಹಿಂಬದಿಯಲ್ಲಿ ಅದನ್ನು ಎಳೆದು ಹಾಕಿಕೊಳ್ಳಲು ಇರುವ ಪಟ್ಟಿಗೆ ಇಂಗ್ಲಿಷಿನಲ್ಲಿ ಬೂಟ್‌ಸ್ಟ್ರಾಪ್ ಎಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ಅಸಾಧ್ಯದ ಮಾತೊಂದು ಅವರಲ್ಲಿದೆ; ಕಂಪ್ಯೂಟರಿನವರು ಅಲ್ಲಿಂದ ಈ ಪದವನ್ನು ತೆಗೆದುಕೊಂಡರು. ಹಳೆಯ ಯಂತ್ರ ಮಾಡುವುದೂ ಅದನ್ನೇ. ಮದರ್‌ಬೋರ್ಡ್ ಎಂಬ ಮುಖ್ಯ ಫಲಕದ ಚಿಪ್ಪಿನಲ್ಲಿರುವ ಬಯೋಸ್ ಎಂಬ ಸಣ್ಣ ಪ್ರೋಗ್ರಾಂ ಡಿಸ್ಕಿನ ಮೊದಲ 512 ಬೈಟುಗಳನ್ನಷ್ಟೇ ಓದುತ್ತದೆ; ಮುಂದಿನದನ್ನು ಎಲ್ಲಿಂದ ತರಬೇಕೆಂಬುದು ಆ 512 ಬೈಟುಗಳಿಗೆ ಗೊತ್ತು; ಹೀಗೆ ಒಂದರ ಕೈಹಿಡಿದು ಇನ್ನೊಂದು ಬಂದು ಕೊನೆಗೆ ವಿಂಡೋಸ್ ಬರುತ್ತದೆ. ಆ ಲೆಕ್ಕದಲ್ಲಿ 'ಏಳು' ಎಂಬುದು 'ಚಾಲನೆ'ಗಿಂತ ಮೂಲಕ್ಕೆ ಹತ್ತಿರದ್ದೇ.

ಆದರೆ ಸಾಲಾಗಿ ಎಂಟು ಯಂತ್ರಗಳಿರುವ ಕೋಣೆಯಲ್ಲಿ 'ಯಂತ್ರ ಏಳು' ಎಂದರೆ ಜನ ಏಳನೆಯ ಯಂತ್ರದ ಬಳಿಗೆ ಹೋಗುತ್ತಾರೆ. ಅಲ್ಲದೆ ಗ್ರಂಥಪಾಲಕರು ನನ್ನಂಥವನಿಗೆ ಫೋನ್ ಮಾಡಿ 'ಏಳುತ್ತಿಲ್ಲ' ಎಂದರೆ, ಪವರ್ ಇಲ್ಲವೋ ಡಿಸ್‌ಪ್ಲೇ ಇಲ್ಲವೋ ಎಂದು ನಾನು ಮತ್ತೆ ಕೇಳಲೇಬೇಕು. 'ಬೂಟಾಗ್ತಿಲ್ಲ' ಎಂದರೆ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಡಬ್ಬ) ಹೊತ್ತು ತರದೆ ವಿಂಡೋಸಿನ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಬರುತ್ತೇನೆ. 'ಜಾರಿಯಾಗು', 'ರದ್ದಾಗು', 'ತಯಾರಾಗು' ಎಂಬವು ಪರದೇಶದ ಪದಕ್ಕೆ ನಮ್ಮ 'ಆಗು' ಹಚ್ಚಿಕೊಂಡು ಕನ್ನಡವಾಗಿರುವಾಗ, 'ಬೂಟಾಗು' ಎಂಬುದೊಂದನ್ನೇ ಬಾಗಿಲಲ್ಲಿ ತಡೆಯುವುದೇಕೆ?

ಕೋಲಾರದಿಂದ

ತಡೆಯದಿದ್ದರೆ ನಾಳೆ ಕನ್ನಡದಲ್ಲಿ ಉಳಿಯುವುದು ಆ 'ಆಗು' ಒಂದೇ.

ತುಮಕೂರಿನಿಂದ

ಎಲ್ಲರಿಗೂ ವಂದನೆಗಳು. ಸಮಯ ಸಾಲದೆಂದು ಇಂದು ಬೆಳಿಗ್ಗೆ ಗ್ರಂಥಪಾಲಕರಿಗೇ ಮೂರು ಪದಗಳನ್ನೂ ತೋರಿಸಿದೆ. 'ಚಾಲನೆಗೊಳ್ಳದಿದ್ದರೆ' ಎಂದು ಓದಿದ ಅವರ ಕೈ ಮತ್ತೆ ಗೋಡೆಯ ಸ್ವಿಚ್ಚಿನ ಕಡೆಗೇ ಹೋಯಿತು. 'ಏಳದಿದ್ದರೆ' ಎಂಬುದಕ್ಕೆ ನಕ್ಕರು, ಅರ್ಥವಾಯಿತು ಎಂದರು, ಆದರೆ ಯಾವ ಅವಸ್ಥೆ ಎಂದು ಹೇಳಲಾರದೆ ಹೋದರು. ಆದ್ದರಿಂದ 'ಬೂಟಾಗು' ಎಂಬುದನ್ನೇ ಉಳಿಸಿಕೊಂಡೆ. ಮುದ್ರಣಕ್ಕೆ ಹೋಗುತ್ತಿರುವ ಪಾಠ ಹೀಗಿದೆ:

'ದೀಪ ಹತ್ತದಿದ್ದರೆ: ಗೋಡೆಯ ಸ್ವಿಚ್ಚನ್ನೂ ಡಬ್ಬದ ಹಿಂಬದಿಯ ಸ್ವಿಚ್ಚನ್ನೂ ನೋಡಿ. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ: ಪರದೆಯ ವೈರನ್ನು ಎರಡೂ ತುದಿಯಲ್ಲಿ ಒತ್ತಿ ಕೂರಿಸಿ, ಬೀಪ್ ಸದ್ದು ಬರುತ್ತಿದ್ದರೆ ಎಷ್ಟು ಸಲ ಎಂದು ಬರೆದುಕೊಂಡು ರಿಪೇರಿಯವರಿಗೆ ತಿಳಿಸಿ. ಅಕ್ಷರಗಳು ಮೂಡಿ ಬೂಟಾಗದೆ ನಿಂತರೆ: ಪೆನ್‌ಡ್ರೈವ್ ಇದ್ದರೆ ತೆಗೆದು, ಮತ್ತೆ ಶುರುಮಾಡಿ.'

'ಮತ್ತೆ ಶುರುಮಾಡಿ' ಎಂಬಲ್ಲಿ ಸಮಾಸವೇ ಇಲ್ಲವಾದ್ದರಿಂದ ಅರಿಸಮಾಸದ ಪ್ರಶ್ನೆಯೂ ಉಳಿಯಲಿಲ್ಲ. 'ಶುರು' ಅರಬ್ಬಿಯದೆಂದು ಕೋಲಾರದಿಂದ ಪತ್ರ ಬರುವುದೆಂದು ಬಲ್ಲೆ.

ಇನ್ನೊಂದು ಪದ ಬಾಕಿಯಿದೆ. ಮದರ್‌ಬೋರ್ಡಿನಲ್ಲಿರುವ ಸಿಆರ್ 2032 ಎಂಬ ಮೂರು ವೋಲ್ಟಿನ ನಾಣ್ಯದಂಥ ಬ್ಯಾಟರಿ ಸತ್ತರೆ ಯಂತ್ರವು ದಿನಾಂಕವನ್ನು ಮರೆಯುತ್ತದೆ. ಅದನ್ನು ನಾನು 'ಬಿಲ್ಲೆ ಸೆಲ್ಲು' ಎಂದು ಬರೆದಿದ್ದೇನೆ. ಆಕ್ಷೇಪವಿರುವವರು ನಾಳೆ ನಾಲ್ಕು ಗಂಟೆಯೊಳಗೆ ತಿಳಿಸಬೇಕಾಗಿ ವಿನಂತಿ.