ರಾತ್ರಿ ಹತ್ತೂವರೆಗೆ ಫೈನಲ್, ತೋಟದಲ್ಲಿ ತೋರಿಸೋದು ಹೇಗೆ?

ಸುಂಟಿಕೊಪ್ಪ ಕಡೆಯಿಂದ, ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸುಂಟಿಕೊಪ್ಪ ಹತ್ತಿರದ ಸಣ್ಣ ಯುವಕ ಸಂಘ. ಈ ಕಡೆ ಫುಟ್‌ಬಾಲ್ ಹುಚ್ಚು ಎಷ್ಟಿದೆ ಅಂತ ನಿಮಗೆ ಗೊತ್ತೇ ಇದೆ. ಯುರೋಪಿನ ಚಾಂಪಿಯನ್ ಕ್ಲಬ್ ಬೇರೆ ಖಂಡದ ಚಾಂಪಿಯನ್ ಎದುರು ಆಡುವ ಡಿಸೆಂಬರ್‌ನ ಇಂಟರ್‌ಕಾಂಟಿನೆಂಟಲ್ ಕಪ್ ಫೈನಲನ್ನು ದೊಡ್ಡದಾಗಿ ಎಲ್ಲರಿಗೂ ತೋರಿಸುವ ಆಸೆ. ಹಿಂದಿನ ಎರಡು ಸಲದ ಹಾಗೆ ಕತಾರ್‌ನಲ್ಲಿ ರಾತ್ರಿ ಎಂಟಕ್ಕೆ ಇಟ್ಟರೆ ನಮಗೆ ಹತ್ತೂವರೆ. ಲೈನ್‌ಮನೆಯವರು (ತೋಟದ ಕೆಲಸಗಾರರು), ಊರಿನ ಹುಡುಗರು ಸೇರಿ ಅರವತ್ತು ಜನ ಆಗಬಹುದು. ಪರಿಚಯದ ಸಾಹುಕಾರರೊಬ್ಬರು ಅವರ ಕಾಫಿ ಕಣ ಕೊಡುತ್ತೇನೆ ಎಂದಿದ್ದಾರೆ. ಕರೆಂಟ್, ನೆಟ್, ಚಳಿ, ಯಾವುದು ಕೈಕೊಡುತ್ತದೆ? ಇನ್ನೊಂದು ಚಿಂತೆ: ಯುರೋಪಿನ ಟೀಮ್ ಎಲ್ಲರಿಗೂ ಗೊತ್ತು, ಎದುರಿಗೆ ಬರುವವರು ಯಾರಿಗೂ ಗೊತ್ತಿಲ್ಲ. ಜನ ಕೂತು ನೋಡುತ್ತಾರಾ? ಮಾಡಿದವರು ಇದ್ದರೆ ಹೇಳಿ.

ಸಿದ್ದಾಪುರ ಕಡೆಯಿಂದ:

2025ರ ಡಿಸೆಂಬರ್ 17ರ ಫೈನಲನ್ನು, ಅಂದರೆ ಪ್ಯಾರಿಸ್‌ನ ಪಿಎಸ್‌ಜಿ ಮತ್ತು ಬ್ರೆಜಿಲ್‌ನ ಫ್ಲಮೆಂಗೊ ಆಟವನ್ನು, ನಾವು ತೋರಿಸಿದ್ದೆವು. ಚೆನ್ನಾಗಿ ಆದದ್ದನ್ನು ಬಿಡಿ, ಕೆಟ್ಟದ್ದನ್ನು ಹೇಳುತ್ತೇನೆ.

ಪರದೆಗೆ ಅಂತ ಎರಡು ಸಿಲ್ವರ್ ಮರದ ಮಧ್ಯೆ ಬಿಳಿ ಬೆಡ್‌ಶೀಟ್ ಕಟ್ಟಿದೆವು. ಹತ್ತೂವರೆಗೆ ಥಿಯೇಟರ್ ಥರ ಇತ್ತು. ಹನ್ನೊಂದಾಗುವಷ್ಟರಲ್ಲಿ ಇಬ್ಬನಿ ಕುಡಿದು ಬಟ್ಟೆ ಜೋತುಬಿತ್ತು. 38ನೇ ನಿಮಿಷದಲ್ಲಿ ಪಿಎಸ್‌ಜಿಯ ಕ್ವಾರಟ್ಸ್‌ಖೇಲಿಯಾ ಹೊಡೆದ ಬಾಲ್ ಬೆಡ್‌ಶೀಟಿನ ಸುಕ್ಕಿನೊಳಗೆ ಹೋಗಿ ಮಾಯವಾಯಿತು. ಗೋಲಾ, ಹೊರಗಾ ಅಂತ ಹಿಂದೆ ಕೂತವರಿಗೆ ಗೊತ್ತೇ ಆಗಲಿಲ್ಲ. ಮಂಜು ಬೇರೆ. ಪ್ರೊಜೆಕ್ಟರಿನ ಬೆಳಕೇ ಕಂಬದ ಹಾಗೆ ಕಾಣುತ್ತಿತ್ತು, ಆಟ ಮಸುಕು. ಅದಕ್ಕೇ ಹೇಳೋದು, ಬಯಲಿನಲ್ಲಿ ಬೇಡ. ಕಣದ ಪಕ್ಕದ ಗೋಡೌನ್ ಕೇಳಿ, ಸುಣ್ಣದ ಗೋಡೆ ಮೇಲೆ ಬಿಡಿ. ಕಣದಲ್ಲಿ ರಾತ್ರಿ ಕಾಫಿ ರಾಶಿ ಹಾಕಿ ಟಾರ್ಪಾಲ್ ಮುಚ್ಚಿರುತ್ತಾರೆ. ಗೋಲು ಬಿದ್ದಾಗ ಹುಡುಗರು ಅದರ ಮೇಲೆ ಹತ್ತಿ ಕುಣಿದರೆ ಮುಂದಿನ ವರ್ಷ ಆ ಮನೆ ಗೇಟ್ ಹತ್ತಿರವೂ ಹೋಗುವ ಹಾಗಿಲ್ಲ.

ನೆಟ್ ಕತೆ ಇನ್ನೊಂದು. ನಮ್ಮದು ಫೋನಿನ ಹಾಟ್‌ಸ್ಪಾಟ್. 62ನೇ ನಿಮಿಷ, ಫ್ಲಮೆಂಗೊದ ಜೋರ್ಜಿನೊ ಪೆನಾಲ್ಟಿಗೆ ಬಾಲ್ ಇಡುತ್ತಿದ್ದಾನೆ, ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಅಷ್ಟರಲ್ಲಿ ಆಚೆ ಮನೆಯಿಂದ ‘ಗೋಲ್!’ ಅಂತ ಕೂಗು. ಅವರ ನೆಟ್ ನಮ್ಮದಕ್ಕಿಂತ ಮುಂದಿತ್ತು. ಕೊನೆಗೆ ಶೂಟೌಟ್ ಬಂದಾಗ ಎಲ್ಲರ ಫೋನನ್ನೂ ಕೊಯ್ಲಿನ ಬುಟ್ಟಿಗೆ ಹಾಕಿಸಿದೆವು. ಆಚೆ ಮನೆಯವರನ್ನೂ ಕರೆದು ನಮ್ಮ ಜೊತೆಗೇ ಕೂರಿಸಿದೆವು. ಬೇರೆ ದಾರಿ ಇರಲಿಲ್ಲ.

ಈಗ ಮುಖ್ಯ ವಿಷಯ. ಎಲ್ಲರೂ ತೊಂಬತ್ತು ನಿಮಿಷಕ್ಕೆ ಲೆಕ್ಕ ಹಾಕುತ್ತಾರೆ. ಅವತ್ತು 1-1, ಎಕ್ಸ್‌ಟ್ರಾ ಟೈಮ್, ಆಮೇಲೆ ಪೆನಾಲ್ಟಿ. ಪಿಎಸ್‌ಜಿ ಗೋಲ್‌ಕೀಪರ್ ಸಫೊನೊವ್ ನಾಲ್ಕು ಹೊಡೆತ ತಡೆದ, 2-1ಕ್ಕೆ ಕಪ್ ಅವರದಾಯಿತು. ಮುಗಿದಾಗ ಒಂದೂಕಾಲು. ಸಂಜೆಯೇ ಮೂರು ಆನೆ ಪಕ್ಕದ ತೋಟಕ್ಕೆ ಇಳಿದಿವೆ ಅಂತ ಗ್ರೂಪಿನಲ್ಲಿ ಮೆಸೇಜ್ ಬಂದಿತ್ತು. ನಡೆದುಕೊಂಡು ಬಂದವರನ್ನು ಆ ಹೊತ್ತಿನಲ್ಲಿ ನಡೆಸಿ ಕಳಿಸೋದು ಹೇಗೆ? ಒಂದೇ ಜೀಪು, ನಾಲ್ಕು ಟ್ರಿಪ್. ಕೊನೆಯವರು ಮನೆ ಮುಟ್ಟಿದ್ದು ಎರಡೂವರೆಗೆ. ಡ್ರೈವರ್ ಪಿಎಸ್‌ಜಿಯನ್ನೂ ಬೈದ, ನಮ್ಮನ್ನೂ ಬೈದ. ಮೊದಲು ಜೀಪ್ ಗೊತ್ತು ಮಾಡಿ, ಪ್ರೊಜೆಕ್ಟರ್ ಆಮೇಲೆ.

ಮಾದಾಪುರದಿಂದ:

ನಾನು ವೈರಿಂಗ್ ಕೆಲಸದವನು, ಕರೆಂಟ್ ಬಗ್ಗೆ ಮಾತ್ರ ಹೇಳುತ್ತೇನೆ. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ (ಸಿಪ್ಪೆ ಬಿಡಿಸುವ ಯಂತ್ರ) ಹಾಕುತ್ತಾರೆ. ಸಂಜೆಯಿಂದ ಮೋಟಾರ್ ಓಡುತ್ತಿರುತ್ತದೆ. ಅದೇ ಲೈನಿನಿಂದ ಪ್ರೊಜೆಕ್ಟರ್‌ಗೆ ಎಳೆದರೆ ವೋಲ್ಟೇಜ್ ಏರಿಳಿತಕ್ಕೆ ಆಗಾಗ ಆಫ್ ಆಗುತ್ತದೆ. ಅವತ್ತು ಪಲ್ಪಿಂಗ್ ಎಷ್ಟೊತ್ತಿಗೆ ಮುಗಿಯುತ್ತದೆ ಅಂತ ತೋಟದ ರೈಟರ್ (ಲೆಕ್ಕ ಬರೆಯುವವರು) ಹತ್ತಿರ ಮೊದಲೇ ಕೇಳಿಕೊಳ್ಳಿ. ಯುಪಿಎಸ್ ಕೊಡುವಾಗ ಪ್ರೊಜೆಕ್ಟರ್ ಜೊತೆ ರೂಟರಿಗೂ ಕೊಡಿ. ಎಲ್ಲರೂ ಮರೆಯೋದು ಅದನ್ನೇ. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ, ಗೋಡೌನ್ ಒಳಗೆ ಎರಡು ಸಣ್ಣ ಸ್ಪೀಕರ್ ಸಾಕು.

ಅಮ್ಮತ್ತಿಯಿಂದ:

ನಾನು ಹಾಕಿ ಆಡಿಕೊಂಡು ಬೆಳೆದವನು. ಫುಟ್‌ಬಾಲ್ ಹುಚ್ಚು ಅಕ್ಕನ ಮಗನಿಂದ ಅಂಟಿದ್ದು. ನಿಮ್ಮ ಕೊನೆಯ ಪ್ರಶ್ನೆಗೆ ನನ್ನದೊಂದು ಅನುಭವ.

2012ರ ಡಿಸೆಂಬರ್ 16, ಭಾನುವಾರ. ಆಗ ಇದರ ಜಾಗದಲ್ಲಿ ಕ್ಲಬ್ ವರ್ಲ್ಡ್ ಕಪ್ ಇತ್ತು, ಫೈನಲ್ ಜಪಾನಿನ ಯೊಕೊಹಾಮದಲ್ಲಿ, ನಮಗೆ ಸಂಜೆ ನಾಲ್ಕಕ್ಕೆ. ಇಂಗ್ಲೆಂಡಿನ ಚೆಲ್ಸಿ ಮತ್ತು ಬ್ರೆಜಿಲ್‌ನ ಕೊರಿಂಥಿಯನ್ಸ್. ಹುಡುಗ ಚೆಲ್ಸಿ ಜರ್ಸಿ ಹಾಕಿ ಕೂತಿದ್ದ. ‘ಇವರು ಯಾರು ಮಾವ, ಹೆಸರೇ ಕೇಳಿಲ್ಲ’ ಅಂದ. ನನಗೂ ಗೊತ್ತಿರಲಿಲ್ಲ. ಕ್ಯಾಮೆರಾ ಗ್ಯಾಲರಿ ಕಡೆ ತಿರುಗಿತು ನೋಡಿ, ಎಲ್ಲಿ ನೋಡಿದರೂ ಕಪ್ಪು-ಬಿಳುಪು. ಭೂಮಿಯ ಆ ಕಡೆಯಿಂದ ಸಾವಿರಾರು ಜನ ಜಪಾನಿಗೆ ಬಂದಿದ್ದರು. ನಮ್ಮ ಕೊಡವ ಕೌಟುಂಬಿಕ ಹಾಕಿಗೆ ಒಕ್ಕದ (ಮನೆತನದ) ಟೀಮ್ ಆಡುತ್ತದೆ ಅಂತ ದುಬೈಯಿಂದ ರಜೆ ಹಾಕಿ ಬರುವವರಿದ್ದಾರಲ್ಲ, ಥೇಟ್ ಅದೇ ಹುಚ್ಚು. ಆವಾಗಲೇ ನಾನು ಪಕ್ಷ ಬದಲಿಸಿದೆ. 69ನೇ ನಿಮಿಷದಲ್ಲಿ ಕೊರಿಂಥಿಯನ್ಸ್‌ನ ಗೆರೆರೊ ತಲೆಯಲ್ಲಿ ಒತ್ತಿದ, ಅದೊಂದೇ ಗೋಲು. ಉಳಿದದ್ದೆಲ್ಲ ಗೋಲ್‌ಕೀಪರ್ ಕ್ಯಾಸಿಯೊ ನೋಡಿಕೊಂಡ. ಹುಡುಗ ಜರ್ಸಿ ಬಿಚ್ಚಿ ಒಳಗೆ ಹೋದವನು ರಾತ್ರಿ ಊಟಕ್ಕೂ ಬರಲಿಲ್ಲ.

ಅದಾದ ಮೇಲೆ 2025ರವರೆಗೆ ದಕ್ಷಿಣ ಅಮೆರಿಕದ ಯಾವ ಟೀಮೂ ಯುರೋಪಿನವರನ್ನು ಈ ಫೈನಲ್‌ನಲ್ಲಿ ಸೋಲಿಸಿಲ್ಲ. ಮೊದಲು ಹಾಗಿರಲಿಲ್ಲ. 1960ರಲ್ಲಿ ಶುರುವಾದಾಗ ಎರಡೇ ಖಂಡದ ಚಾಂಪಿಯನ್ನರು ಆಡುತ್ತಿದ್ದರು, ಸರಿಸಮ ಜಿದ್ದು. 1981ರಲ್ಲಿ ಟೋಕಿಯೊದಲ್ಲಿ ಜೀಕೊ ಇದ್ದ ಫ್ಲಮೆಂಗೊ ಲಿವರ್‌ಪೂಲ್‌ಗೆ 3-0 ಬಾರಿಸಿತು. ಆಮೇಲೆ ಅವರಿಗೆ ಆ ಕಪ್ ಸಿಕ್ಕೇ ಇಲ್ಲ. 2019ರಲ್ಲಿ ದೋಹಾದಲ್ಲಿ ಅದೇ ಲಿವರ್‌ಪೂಲ್ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ ಫಿರ್ಮಿನೊ ಗೋಲಿಗೆ ಸೋತರು. 2025ರದ್ದನ್ನು ಸಿದ್ದಾಪುರದವರು ಮೇಲೆ ಹೇಳಿದ್ದಾರೆ. ಆಟಕ್ಕೆ ಮೊದಲು ಹತ್ತು ನಿಮಿಷ ಯಾರಾದರೂ ಎದ್ದು ನಿಂತು ಇಷ್ಟು ಹೇಳಲಿ. ಜನ ಕೂರುತ್ತಾರೆ, ನೋಡುತ್ತಿರಿ.

ಒಂದು ಎಚ್ಚರಿಕೆ. ‘ಬ್ರೆಜಿಲ್ ಟೀಮ್’ ಅಂತ ಈಗಲೇ ಫ್ಲೆಕ್ಸ್ ಹೊಡೆಸಬೇಡಿ. ಈಗಿನ ನಿಯಮದಲ್ಲಿ ಯುರೋಪಿನವರು ಸೀದಾ ಫೈನಲ್‌ಗೆ ಬರುತ್ತಾರೆ, ಉಳಿದವರು ಒಬ್ಬರನ್ನೊಬ್ಬರು ಸೋಲಿಸಿಕೊಂಡು ಬರಬೇಕು. (ಇದು ನ್ಯಾಯವಾ ಅಂತ ಕೇಳಬೇಡಿ, ನನ್ನ ಬಿಪಿ ಏರುತ್ತದೆ.) 2024ರಲ್ಲಿ ಬ್ರೆಜಿಲ್‌ನ ಬೊಟಾಫೊಗೊ ನವೆಂಬರ್ 30ಕ್ಕೆ ಲಿಬರ್ಟಡೋರೆಸ್ (ದಕ್ಷಿಣ ಅಮೆರಿಕದ ಕ್ಲಬ್ ಕಪ್) ಗೆದ್ದಿತು, ಡಿಸೆಂಬರ್ 8ಕ್ಕೆ ಬ್ರೆಜಿಲ್ ಲೀಗ್ ಗೆದ್ದಿತು, ವಿಮಾನ ಹತ್ತಿ 11ಕ್ಕೆ ದೋಹಾದಲ್ಲಿ ಆಡಿತು. ಮೆಕ್ಸಿಕೊದ ಪಚೂಕ ಎದುರು 0-3. ಕಾಲೇ ಓಡುತ್ತಿರಲಿಲ್ಲ ಪಾಪ. ಪಚೂಕ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಅಷ್ಟೇ ಗೋಲಿನಿಂದ ಸೋತಿತು. 2024, 2025 ಎರಡು ವರ್ಷವೂ ಎದುರಾಳಿ ಯಾರು ಅಂತ ಖಚಿತವಾಗಿದ್ದು ಫೈನಲ್‌ಗೆ ನಾಲ್ಕು ದಿನ ಮುಂಚೆ.

ಸುಂಟಿಕೊಪ್ಪದಿಂದಲೇ ಇನ್ನೊಬ್ಬರು:

ತಮ್ಮಾ, ನಾನು ಕೊಯ್ಲಿಗೆ ಹೋಗುವವಳು. ಎರಡು ಗಂಟೆಗೆ ಮಲಗಿದರೆ ಬೆಳಿಗ್ಗೆ ಯಾರು ಏಳುತ್ತಾರೆ? ಮಾರನೇ ದಿನ ಒಂದು ಗಂಟೆ ತಡವಾಗಿ ಬಂದರೆ ಆಗಬಹುದಾ ಅಂತ ಸಾಹುಕಾರರನ್ನು ಮೊದಲೇ ಕೇಳಿ. ಸಂಬಳ ಹಿಡಿದರೆ ನಮ್ಮ ಮನೆಯವರು ಯಾರೂ ಬರುವುದಿಲ್ಲ. ಗೋಡೌನ್ ಸಿಮೆಂಟು ನೆಲ ಮಂಜುಗಡ್ಡೆ ಥರ ಇರುತ್ತದೆ, ಖಾಲಿ ಗೋಣಿ ಎರಡೆರಡು ಪದರ ಹಾಸಿ. ಬೆಲ್ಲದ ಕಾಫಿ ಅರ್ಧಕ್ಕೆ ಒಂದು ಸಲ ಕೊಟ್ಟರೆ ಸಾಲದು, ಪೆನಾಲ್ಟಿಗೆ ಅಂತ ಇನ್ನೊಂದು ಕ್ಯಾನ್ ಇಟ್ಟುಕೊಳ್ಳಿ.

ಕೇಳಿದವರು ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಚಳಿಯೇ ದೊಡ್ಡ ಸಮಸ್ಯೆ ಅಂದುಕೊಂಡಿದ್ದೆ, ಆನೆ ತಲೆಗೇ ಬಂದಿರಲಿಲ್ಲ. ನಿನ್ನೆ ಸಾಹುಕಾರರನ್ನು ಕಂಡೆವು. ಗೋಡೌನ್ ಕೊಡುತ್ತಾರಂತೆ, ಆದರೆ ಒಳಗೆ ಒಂದು ಬೀಡಿಯೂ ಹಚ್ಚಬಾರದು. ಒಂದು ಗಂಟೆ ತಡವಾಗಿ ಬರುವ ಮಾತಿಗೆ ನಕ್ಕರು, ಬೇಡ ಅನ್ನಲಿಲ್ಲ. ಅಕ್ಕಾ, ಅದನ್ನು ಇನ್ನೊಂದು ಸಲ ಕೇಳಿ ಗಟ್ಟಿ ಮಾಡಿಕೊಳ್ಳುತ್ತೇನೆ. ಫ್ಲೆಕ್ಸ್ ಬದಲು ಶಾಲೆಯ ಹಳೇ ಬೋರ್ಡ್ ತಂದಿದ್ದೇವೆ, ಎದುರಾಳಿ ಹೆಸರಿನ ಜಾಗ ಖಾಲಿ ಇದೆ. ಸಿದ್ದಾಪುರದ ಅಣ್ಣಾ, ಆ ಜೀಪಿನವರ ನಂಬರ್ ನನಗೊಬ್ಬನಿಗೇ ಕಳಿಸಿ. ಬೈದರೂ ಪರವಾಗಿಲ್ಲ, ಬಂದರೆ ಸಾಕು.