ಐದು ನಿಮಿಷದ ಥ್ರಿಲ್ಲರ್, ಎರಡು ದಿನದ ಶೂಟಿಂಗ್: ತಯಾರಿ ಹೇಗೆ?

ಪ್ರಶ್ನೆ: ನಾವು ನಾಲ್ವರು ವಿದ್ಯಾರ್ಥಿಗಳು, ಕೋರ್ಸ್‌ಗಾಗಿ ಐದು ನಿಮಿಷದ ಥ್ರಿಲ್ಲರ್ ಮಾಡಬೇಕು. ಕಥೆ ಇಷ್ಟು: ಹುಡುಗಿ ರಾತ್ರಿ ಒಬ್ಬಳೇ ಮನೆಗೆ ಬರುತ್ತಾಳೆ, ಒಳಗೆ ಆಗಲೇ ಯಾರೋ ಇದ್ದಾರೆ. ಆರು ವಾರ ಇದೆ, ಅದರಲ್ಲಿ ಶೂಟಿಂಗ್‌ಗೆ ಎರಡು ದಿನ. ಇರುವುದು ಒಂದು ಮೊಬೈಲ್, ಒಂದು ಟ್ರೈಪಾಡ್. ರಿಸರ್ಚ್ ಅಂತ ಏನು ಮಾಡಬೇಕು? ಪ್ಲಾನಿಂಗ್ ಎಲ್ಲಿಂದ ಶುರು ಮಾಡಬೇಕು? ತಿಳಿದವರು ಹೇಳಿ.

ಚಿತ್ರಕಥೆ ಬರೆಯುವವರೊಬ್ಬರು:
ಕ್ಯಾಮೆರಾ ವಿಷಯ ಆಮೇಲೆ. ಮೊದಲು ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಈ ಶಾಟ್‌ನಲ್ಲಿ ಏನಾಗುತ್ತದೆ, ಇಲ್ಲಿಯವರೆಗೆ ನೋಡುವವರಿಗೆ ಏನು ಗೊತ್ತು, ಹುಡುಗಿಗೆ ಏನು ಗೊತ್ತು. ಥ್ರಿಲ್ಲರ್ ನಿಂತಿರುವುದೇ ಎರಡನೇ ಮತ್ತು ಮೂರನೇ ಕಾಲಂಗಳ ನಡುವಿನ ವ್ಯತ್ಯಾಸದ ಮೇಲೆ. ಥ್ರಿಲ್ಲರ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಕೊಟ್ಟ ಉದಾಹರಣೆ ನಿಮಗೂ ಗೊತ್ತಿರಬಹುದು. ಮೇಜಿನ ಕೆಳಗಿನ ಬಾಂಬ್ ದಿಢೀರನೆ ಸಿಡಿದರೆ ನೋಡುವವರು ಒಂದು ಕ್ಷಣ ಬೆಚ್ಚುತ್ತಾರೆ, ಅಷ್ಟೇ. ಬಾಂಬ್ ಇರುವುದು ಅವರಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕೂತವರು ಏನೂ ತಿಳಿಯದೆ ಹರಟುತ್ತಿದ್ದರೆ ಅಷ್ಟೂ ಹೊತ್ತು ಜೀವ ಕೈಯಲ್ಲಿ ಹಿಡಿದು ಕೂರುತ್ತಾರೆ.

ನಿಮ್ಮ ಕಥೆಗೇ ಇದನ್ನು ಹಚ್ಚಿ ನೋಡಿ. ಹುಡುಗಿ ಬಾಗಿಲು ತೆಗೆದು, ಬ್ಯಾಗ್ ಇಟ್ಟು, ಒಳಕೋಣೆಗೆ ಹೋಗುತ್ತಾಳೆ. ಕ್ಯಾಮೆರಾ ಅವಳ ಹಿಂದೆ ಹೋಗದೆ ಅಲ್ಲೇ ನಿಲ್ಲಲಿ. ಮೇಜಿನ ಮೇಲಿನ ಲೋಟದಿಂದ ಇನ್ನೂ ಹಬೆ ಏಳುತ್ತಿದೆ. ಮೂರು ಸೆಕೆಂಡ್ ಸಾಕು. ಇನ್ನು ಮುಂದೆ ಅವಳು ತಲೆ ಬಾಚಿಕೊಂಡರೂ ನೋಡುವವರಿಗೆ ಭಯವೇ. ಮುಖವಾಡ ಹಾಕಿದವನನ್ನು ಮೊದಲ ನಿಮಿಷದಲ್ಲೇ ತೋರಿಸಿಬಿಟ್ಟರೆ ಉಳಿದ ನಾಲ್ಕು ನಿಮಿಷಕ್ಕೆ ಏನೂ ಉಳಿಯುವುದಿಲ್ಲ.

ಇನ್ನೊಂದು. ಯಾಕೆ ಫೋನ್ ಮಾಡಲಿಲ್ಲ, ಯಾಕೆ ಹೊರಗೆ ಓಡಲಿಲ್ಲ, ಯಾಕೆ ಕೂಗಲಿಲ್ಲ? ಈ ಮೂರಕ್ಕೂ ಕಥೆಯೊಳಗೇ ಉತ್ತರ ಇರಬೇಕು. ‘ಚಾರ್ಜ್ ಇಲ್ಲ’ ಎಂಬುದು ಸವೆದುಹೋದ ಉಪಾಯ. ಫೋನಿನ ಬೆಳಕೇ ಅವಳು ಅಡಗಿದ ಜಾಗವನ್ನು ತೋರಿಸಿಕೊಡುತ್ತದೆ ಅಂದರೆ, ಅದೇ ಫೋನ್ ಅಪಾಯವಾಗುತ್ತದೆ.

ಮೀಡಿಯಾ ಪಾಠ ಮಾಡುವವರೊಬ್ಬರು:
ಥ್ರಿಲ್ಲರ್‌ನ ಇತಿಹಾಸ ಬರೆದು ಪುಟ ತುಂಬಿಸುವುದು ರಿಸರ್ಚ್ ಅಲ್ಲ. ನಿಮ್ಮ ಕಥೆಗೆ ಹತ್ತಿರವಿರುವ ಮೂರು ಚಿತ್ರ ಆರಿಸಿ, ಪ್ರತಿಯೊಂದರ ಮೊದಲ ಐದು ನಿಮಿಷ ಮಾತ್ರ ತೆಗೆದುಕೊಳ್ಳಿ. ಒಮ್ಮೆ ಶಬ್ದ ಆರಿಸಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ಆಮೇಲೆ ಶಾಟ್ ಶಾಟ್‌ಗೂ ನಿಲ್ಲಿಸಿ ಬರೆಯಿರಿ: ಎಷ್ಟು ಸೆಕೆಂಡ್, ಕ್ಲೋಸಪ್ಪೋ ವೈಡೋ, ಕ್ಯಾಮೆರಾ ಅಲುಗಿತೇ, ಯಾವ ಶಬ್ದ. 300 ಸೆಕೆಂಡಿನಲ್ಲಿ 60 ಶಾಟ್ ಇದ್ದರೆ ಸರಾಸರಿ 5 ಸೆಕೆಂಡ್. ಆದರೆ ಸರಾಸರಿಗಿಂತ ಮುಖ್ಯ, ಶಾಟ್ ಇದ್ದಕ್ಕಿದ್ದಂತೆ ಎಲ್ಲಿ ಉದ್ದವಾಯಿತು, ಎಲ್ಲಿ ತುಂಡಾಯಿತು ಎನ್ನುವುದು. ಅಪಾಯದ ವ್ಯಕ್ತಿಯ ಮುಖ ಮೊದಲು ಕಂಡದ್ದು ಯಾವ ಸೆಕೆಂಡಿನಲ್ಲಿ ಅಂತಲೂ ಗುರುತು ಹಾಕಿ.

ಸಮೀಕ್ಷೆ ಕಡ್ಡಾಯವಾಗಿದ್ದರೆ ‘ಥ್ರಿಲ್ಲರ್ ಇಷ್ಟವೇ?’ ಅಂತ ಕೇಳಬೇಡಿ, ಅದರಿಂದ ಏನೂ ಸಿಗುವುದಿಲ್ಲ. ಕಥೆಯನ್ನು ಅರ್ಧ ಓದಿ ಹೇಳಿ, ‘ಮುಂದೆ ಏನಾಗಬಹುದು?’ ಅಂತ ಕೇಳಿ. ಹತ್ತರಲ್ಲಿ ಎಂಟು ಜನ ಸರಿಯಾಗಿ ಊಹಿಸಿದರೆ ತಿರುವು ಬದಲಿಸಬೇಕು. ಆ ಬದಲಾವಣೆಯನ್ನು ಕಾರಣಸಮೇತ ಬರೆದಿಟ್ಟರೆ ಅದೇ ಒಳ್ಳೆಯ ರಿಸರ್ಚ್.

ಸಹಾಯಕ ನಿರ್ದೇಶಕರೊಬ್ಬರು:
ಲೆಕ್ಕ ಹಾಕೋಣ. ಕ್ಯಾಮೆರಾ ಜಾಗ ಬದಲಿಸಿ, ಬೆಳಕು ಸರಿಮಾಡಿ, ರಿಹರ್ಸಲ್ ಮಾಡಿ, ಮೂರು ಟೇಕ್ ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿರಿ. ಇಷ್ಟು ಸೇರಿದರೆ ಒಂದು ಸೆಟಪ್. ದಿನಕ್ಕೆ ಎಂಟು ಗಂಟೆ ಕೆಲಸ ಅಂದರೆ 24 ಸೆಟಪ್. ಊಟ, ತಡ, ಬ್ಯಾಟರಿ ಕಳೆದರೆ 18. ಎರಡು ದಿನಕ್ಕೆ 36. ಒಂದೇ ಸೆಟಪ್‌ನ ಶಾಟನ್ನು ಎಡಿಟಿಂಗ್‌ನಲ್ಲಿ ಎರಡು ಮೂರು ಕಡೆ ಬಳಸುವುದರಿಂದ 60 ಶಾಟ್‌ಗೆ 36 ಸಾಕು. ಶಾಟ್ ಲಿಸ್ಟ್‌ನಲ್ಲಿ 90 ಸೆಟಪ್ ಇದ್ದರೆ ಕ್ಲೈಮ್ಯಾಕ್ಸನ್ನು ಓಡೋಡಿ ಮುಗಿಸಬೇಕಾಗುತ್ತದೆ.

ಸ್ಕ್ರಿಪ್ಟ್‌ನ ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಮಾತಿಲ್ಲದ ಥ್ರಿಲ್ಲರ್‌ಗೆ ಹೊಂದುವುದಿಲ್ಲ. ‘ಅವಳು ಮೆಟ್ಟಿಲು ಹತ್ತುತ್ತಾಳೆ’ ಎಂಬ ಒಂದೇ ಸಾಲು ಅರ್ಧ ನಿಮಿಷ ತಿನ್ನಬಹುದು. ಹಾಗಾಗಿ ಸ್ಟೋರಿಬೋರ್ಡ್, ಅಂದರೆ ಒಂದೊಂದು ಶಾಟ್‌ಗೂ ಬಿಡಿಸಿದ ಚಿತ್ರಗಳ ಫೋಟೋ ತೆಗೆದು ಎಡಿಟಿಂಗ್ ಆ್ಯಪ್‌ನ ಟೈಮ್‌ಲೈನ್‌ನಲ್ಲಿ ಜೋಡಿಸಿ, ತಾತ್ಕಾಲಿಕ ಶಬ್ದ ಹಾಕಿ ನೋಡಿ. ಎಲ್ಲಿ ಎಳೆಯುತ್ತದೆ ಅಂತ ಶೂಟಿಂಗ್‌ಗೆ ಮೊದಲೇ ಗೊತ್ತಾಗುತ್ತದೆ. ಮನೆಯ ನಕ್ಷೆ ಬರೆದು ಕ್ಯಾಮೆರಾ ಎಲ್ಲೆಲ್ಲಿ ಅಂತ ಗುರುತಿಸಿ. ಹುಡುಗಿ ಮತ್ತು ಅವಳು ನೋಡುವ ಬಾಗಿಲಿನ ನಡುವೆ ಒಂದು ಗೆರೆ ಎಳೆದು ಅದರ ಒಂದೇ ಬದಿಯಲ್ಲಿ ಇರಿ. ದಾಟಿದರೆ ಅಪಾಯ ಯಾವ ದಿಕ್ಕಿನಿಂದ ಬರುತ್ತಿದೆ ಎನ್ನುವುದೇ ಗೊಂದಲವಾಗುತ್ತದೆ.

ನಾಲ್ಕನೇ ವಾರದ ಕೊನೆಗೆ ಶೂಟಿಂಗ್ ಮುಗಿಯಲಿ. ತಪ್ಪಿಹೋದ ಕ್ಲೋಸಪ್ ತೆಗೆಯಲು ಐದನೇ ವಾರದಲ್ಲಿ ಅರ್ಧ ದಿನ ಬೇಕೇ ಬೇಕಾಗುತ್ತದೆ.

ಛಾಯಾಗ್ರಾಹಕರೊಬ್ಬರು:
ವಿದ್ಯಾರ್ಥಿಗಳ ಥ್ರಿಲ್ಲರ್ ಹೆಚ್ಚಾಗಿ ಕೆಡುವುದು ಕತ್ತಲೆಯಲ್ಲಿ. ಕತ್ತಲೆ ಬೇಕೆಂದು ಲೈಟ್ ಆರಿಸಿದರೆ ಮೊಬೈಲ್ ತಾನಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ಇಡೀ ಫ್ರೇಮಿನಲ್ಲಿ ಬೂದು ಕಾಳು ತುಂಬುತ್ತದೆ. ಕತ್ತಲೆ ಕಾಣಬೇಕಾದರೂ ಬೆಳಕು ಬೇಕು, ಅದು ಬದಿಯಿಂದ ಅಥವಾ ಹಿಂದಿನಿಂದ ಬರಬೇಕು. ಎಕ್ಸ್‌ಪೋಷರ್ (ಚಿತ್ರ ಎಷ್ಟು ಬೆಳಕಾಗಿರಬೇಕು), ಫೋಕಸ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣದ ಹೊಂದಾಣಿಕೆ) ಮೂರನ್ನೂ ಲಾಕ್ ಮಾಡಿ. ಐಎಸ್‌ಒ 800 ದಾಟದಂತೆ ನೋಡಿಕೊಳ್ಳಿ. ವಿದ್ಯುತ್ 50 ಹರ್ಟ್ಸ್ ಇರುವ ಕಡೆ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟರೆ ಬಲ್ಬಿನ ಮಿಣುಕು ಬರುವುದಿಲ್ಲ. 60 ಹರ್ಟ್ಸ್ ಇದ್ದರೆ 30 ಫ್ರೇಮ್, 1/60.

ಮೇಲೆ ಹೇಳಿದ ಹಬೆಯ ಶಾಟ್ ಚೆಂದ, ಆದರೆ ಮುಂದಿನಿಂದ ಬೆಳಕು ಬಿಟ್ಟರೆ ಹಬೆ ಕಾಣುವುದೇ ಇಲ್ಲ. ಲೋಟದ ಹಿಂದೆ, ಫ್ರೇಮಿನ ಹೊರಗೆ ಸಣ್ಣ ಲೈಟ್ ಇಟ್ಟು, ಹಿನ್ನೆಲೆ ಕಪ್ಪಾಗಿರಲಿ. ನೀರು ಕುದಿದ ಕೂಡಲೇ ಸುರಿದು ತೆಗೆಯಿರಿ, ಫ್ಯಾನ್ ಆರಿಸಿ.

ಪ್ರಶ್ನೆ ಕೇಳಿದವರು: ರಾತ್ರಿಯೇ ಶೂಟ್ ಮಾಡಬೇಕಾ ಸರ್? ನಟಿಸುವವರ ಮನೆಯಲ್ಲಿ ತಡವಾದರೆ ಒಪ್ಪುವುದಿಲ್ಲ.

ಛಾಯಾಗ್ರಾಹಕರು:
ಬೇಡ. ಒಳಾಂಗಣ ತಾನೇ? ಹಗಲಲ್ಲೇ ಕಿಟಕಿಗೆ ಹೊರಗಿನಿಂದ ದಪ್ಪ ಕಪ್ಪು ಬಟ್ಟೆ ಕಟ್ಟಿ. ಒಳಗಿನಿಂದ ಕಟ್ಟಿದರೆ ಪರದೆ ಮುಚ್ಚಿಹೋಗುತ್ತದೆ. ಬಟ್ಟೆಗೂ ಕಿಟಕಿಗೂ ನಡುವೆ ಜಾಗ ಬಿಟ್ಟು ಅಲ್ಲಿ 5600 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ) ಎಲ್‌ಇಡಿ ಇಡಿ, ಒಳಗೆ ಹಳದಿ ಟೇಬಲ್ ಲ್ಯಾಂಪ್ ಉರಿಯಲಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು 3200ಕ್ಕೆ ಇಡಿ. ಕಿಟಕಿಯ ಬೆಳಕು ನೀಲಿಯಾಗಿ ಬೆಳದಿಂಗಳಂತೆ ಕಾಣುತ್ತದೆ.

ಸೌಂಡ್ ಮಾಡುವವರೊಬ್ಬರು:
ಲೊಕೇಶನ್ ನೋಡಲು ಹೋದಾಗ, ಶೂಟ್ ಮಾಡುವ ಹೊತ್ತಿಗೇ ಹೋಗಿ ಎರಡು ನಿಮಿಷ ಸುಮ್ಮನೆ ನಿಂತು ಕೇಳಿ. ಫ್ರಿಜ್ ಆರಿಸಿ, ಮತ್ತೆ ಹಾಕಲು ಮರೆಯದಂತೆ ಗಾಡಿ ಕೀಲಿಯನ್ನು ಅದರೊಳಗೇ ಇಡಿ. ಪ್ರತಿ ಕೋಣೆಯಲ್ಲೂ ಎಲ್ಲರೂ ಸುಮ್ಮನಿದ್ದು 30 ಸೆಕೆಂಡ್ ಖಾಲಿ ಶಬ್ದ ರೆಕಾರ್ಡ್ ಮಾಡಿ. ಅದಿಲ್ಲದಿದ್ದರೆ ಪ್ರತಿ ಕಟ್‌ನಲ್ಲೂ ಹಿನ್ನೆಲೆ ಜಿಗಿಯುವುದು ಕೇಳುತ್ತದೆ. ಬೀಗ, ಚಿಲಕ, ಹೆಜ್ಜೆ, ಉಸಿರು, ಎಲ್ಲವನ್ನೂ ಮೈಕ್ ಒಂದು ಅಡಿ ದೂರದಲ್ಲಿಟ್ಟು ಬೇರೆಯಾಗಿ ತೆಗೆಯಿರಿ. ಮೊದಲ ಎಡಿಟ್ ಮ್ಯೂಸಿಕ್ ಇಲ್ಲದೆಯೇ ಆಗಲಿ. ಹಾಗೆ ನೋಡಿ ಭಯ ಬರದಿದ್ದರೆ ಕೊರತೆ ಕಟ್‌ನಲ್ಲಿದೆ, ಮ್ಯೂಸಿಕ್ ಅದನ್ನು ತುಂಬಲಾರದು.

ಕಲಾ ವಿಭಾಗದವರೊಬ್ಬರು:
ಚಾಕು ಇದ್ದರೆ: ನಿಜವಾದದ್ದು ಒಂಟಿ ಕ್ಲೋಸಪ್‌ಗೆ ಮಾತ್ರ. ಇನ್ನೊಬ್ಬರು ಫ್ರೇಮಿನಲ್ಲಿದ್ದಾಗ ರಬ್ಬರ್ ಚಾಕು, ರಿಹರ್ಸಲ್‌ನಲ್ಲೂ ಅದೇ. ನಕಲಿ ಆಯುಧವನ್ನು ರಸ್ತೆಯಲ್ಲಿ ಕೈಯಲ್ಲಿ ಹಿಡಿದು ಓಡಾಡಬೇಡಿ, ಮುಚ್ಚಿದ ಬ್ಯಾಗ್‌ನಲ್ಲಿ ಒಯ್ಯಿರಿ. ಕಿರುಚುವ ದೃಶ್ಯವಿದ್ದರೆ ಅಕ್ಕಪಕ್ಕದವರಿಗೆ ಮೊದಲೇ ಹೇಳಿ, ಹೊರಾಂಗಣವಾದರೆ ಪೊಲೀಸರಿಗೂ ಬರೆದು ತಿಳಿಸಿ.

ರಕ್ತಕ್ಕೆ ಒಂದು ಕಪ್ ಕಾರ್ನ್ ಸಿರಪ್, ಒಂದು ಚಮಚ ಕೆಂಪು ಫುಡ್ ಕಲರ್, ನೀರಲ್ಲಿ ಕಲಸಿದ ಒಂದು ಚಮಚ ಕೋಕೋ ಪುಡಿ, ಎರಡು ಹನಿ ನೀಲಿ. ಕೋಕೋ ಇಲ್ಲದಿದ್ದರೆ ಗುಲಾಬಿ ಜಾಮ್‌ನಂತೆ ಕಾಣುತ್ತದೆ. ಕಪ್ಪುಬಿಳುಪಿನಲ್ಲಿ ತೆಗೆಯುವುದಾದರೆ ಬರೀ ಚಾಕೊಲೇಟ್ ಸಿರಪ್ ಸಾಕು, ಹಿಚ್‌ಕಾಕ್‌ನ 1960ರ ಚಿತ್ರ ‘ಸೈಕೋ’ದಲ್ಲಿ ಬಳಸಿದ್ದೂ ಅದನ್ನೇ. ಫುಡ್ ಕಲರ್ ಚರ್ಮಕ್ಕೂ ಗೋಡೆಗೂ ಹಿಡಿಯುತ್ತದೆ, ಮೂಲೆಯಲ್ಲಿ ಹಚ್ಚಿ ಪರೀಕ್ಷಿಸಿ. ಒಂದೇ ಥರದ ಮೂರು ಅಂಗಿ ಇಟ್ಟುಕೊಳ್ಳಿ, ಪ್ರತಿ ಟೇಕ್ ಮುಗಿದ ಮೇಲೆ ಕಲೆಯ ಆಕಾರದ ಫೋಟೋ ತೆಗೆದಿಡಿ.