ಕಣಿಲೆ (ಎಳೆ ಬಿದಿರು) ಬಾಟಲಿ ಮತ್ತು 5 ನಿಮಿಷದ ಕುದಿ

ಚಿಕ್ಕಪ್ಪ: (ಫಾರ್ವರ್ಡ್) ಯಾವುದೇ ತರಕಾರಿ 5 ನಿಮಿಷ ಕುದಿಸಿ, ಬಿಸಿ ಇರುವಾಗಲೇ ಬಾಟಲಿಗೆ ಹಾಕಿ ಮುಚ್ಚಿ. ಕ್ರಿಮಿಗಳು 100% ಸಾಯುತ್ತವೆ. ವರ್ಷವಾದರೂ ಕೆಡುವುದಿಲ್ಲ.

ಅತ್ತೆ: ನನಗೂ ಮೊನ್ನೆ ಬಂದಿತ್ತು. ಕಣಿಲೆಯನ್ನು 3 ದಿನ ನೀರು ಬದಲಿಸಿ ನೆನೆಸಿ, ಇವತ್ತು ಬೆಳಿಗ್ಗೆ ಹೀಗೇ 6 ಬಾಟಲಿ ತುಂಬಿಸಿದೆ. ನಾಳೆ ಬೆಂಗಳೂರು ಬಸ್ಸಿಗೆ ಕೊಡುತ್ತೇನೆ.

ನಾನು: ಅತ್ತೆ, ದಯವಿಟ್ಟು ಕಳಿಸಬೇಡಿ.

ಚಿಕ್ಕಪ್ಪ: ಕುದಿಯುವ ನೀರಲ್ಲಿ ಯಾವ ಕ್ರಿಮಿ ಬದುಕುತ್ತದೆ ಮಾರಾಯ್ತಿ?

ನಾನು: ಬೊಟುಲಿನಮ್ ಅಂತ ವಿಷ ಮಾಡುವ ಬ್ಯಾಕ್ಟೀರಿಯಾ ಇದೆ, ಅದರ ಸ್ಪೋರ್, ಅಂದರೆ ಗಟ್ಟಿ ಕವಚದ ಬೀಜದಂಥ ರೂಪ, ಬದುಕುತ್ತದೆ ಚಿಕ್ಕಪ್ಪ. ಅದು ಮಣ್ಣಿನಲ್ಲೇ ಇರುವಂಥದ್ದು. ಕಣಿಲೆಯೂ ಮಣ್ಣಿನಿಂದ ಎದ್ದು ಬರುವುದು ಅಲ್ವಾ? ಮತ್ತೆ ಸ್ಪೋರ್‌ಗಳು ಒಟ್ಟಿಗೆ ಸಾಯುವುದಿಲ್ಲ. 10 ಲಕ್ಷ ಇದ್ದರೆ ಸ್ವಲ್ಪ ಹೊತ್ತಿಗೆ 1 ಲಕ್ಷ ಉಳಿಯುತ್ತವೆ. ಅಷ್ಟೇ ಹೊತ್ತು ಇನ್ನೊಮ್ಮೆ ಕಾಯಿಸಿದರೆ 10 ಸಾವಿರ. ಹತ್ತರಲ್ಲಿ ಒಂಬತ್ತು ಪಾಲು ಸಾಯಲು ಬೇಕಾದ ಆ ಹೊತ್ತಿಗೆ ಡಿ ವ್ಯಾಲ್ಯೂ ಎನ್ನುತ್ತಾರೆ. ಬೊಟುಲಿನಮ್‌ಗೆ 121 ಡಿಗ್ರಿಯಲ್ಲಿ ಅದು ಸುಮಾರು 0.2 ನಿಮಿಷ. ಡಬ್ಬಿ ಆಹಾರ ಮಾಡುವವರು ಅದರ 12 ಪಟ್ಟು ಹಿಡಿಯುತ್ತಾರೆ, ಅಂದರೆ ಸುಮಾರು 2.5 ನಿಮಿಷ.

ಅಣ್ಣ: ಹಾಗಾದರೆ 5 ನಿಮಿಷ ಜಾಸ್ತಿಯೇ ಆಯ್ತಲ್ಲ?

ನಾನು: 121 ಡಿಗ್ರಿಯಲ್ಲಿ ಅಣ್ಣ! ಬಿಸಿ 10 ಡಿಗ್ರಿ ಇಳಿದರೆ ಸುಮಾರು 10 ಪಟ್ಟು ಹೊತ್ತು ಬೇಕು. 100 ಡಿಗ್ರಿಯಲ್ಲಿ 4 ಗಂಟೆಗೂ ಮೇಲೆ. ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿದೆ, ಅತ್ತೆಯ ಒಲೆ ಮೇಲೆ ನೀರು 96 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ.

ಚಿಕ್ಕಪ್ಪ: ಅಜ್ಜಿ ಮಳೆಗಾಲ ಪೂರ್ತಿ ಇಡುತ್ತಿದ್ದರು. ಯಾರಿಗೆ ಏನಾಯ್ತು?

ನಾನು: ಅಜ್ಜಿ ಭರಣಿಗೆ ಕೈತುಂಬ ಉಪ್ಪು ಸುರಿಯುತ್ತಿದ್ದರು. ಉಪ್ಪು ಕೆಡದಂತೆ ಕಾಪಾಡುತ್ತಿತ್ತು. ಈ ಬಾಟಲಿಯಲ್ಲಿ ಉಪ್ಪಿಲ್ಲ, ಕಾಚಂಪುಳಿಯ ಹುಳಿಯೂ ಇಲ್ಲ, ಗಾಳಿಯೂ ಇಲ್ಲ. ಆ ಸ್ಪೋರ್ ಮೊಳೆಯಲು ಇದೇ ಬೇಕು.

ಅತ್ತೆ: ಮುಚ್ಚಳ ಟಕ್ ಅಂತ ಒಳಗೆ ಎಳೆದುಕೊಂಡಿದೆ. ವಾಸನೆಯೂ ಚೆನ್ನಾಗಿತ್ತು.

ನಾನು: ಟಕ್ ಅಂದರೆ ಬಾಟಲಿ ಸರಿಯಾಗಿ ಮುಚ್ಚಿದೆ ಅಂತ ಅಷ್ಟೇ. ವಿಷ ಆಗಿದ್ದರೂ ವಾಸನೆ ಬರದೇ ಇರಬಹುದು. ನಮ್ಮ ಆಸ್ಪತ್ರೆಯಲ್ಲಿ ಒತ್ತಡದ ಹಬೆಯಿಂದ ಸಾಮಾನಿನ ಕ್ರಿಮಿ ಕೊಲ್ಲುವ ಆಟೊಕ್ಲೇವ್ ಯಂತ್ರ ಇದೆ, ಅದರೊಳಗೆ ಲಕ್ಷಗಟ್ಟಲೆ ಸ್ಪೋರ್ ಇರುವ ಪುಟ್ಟ ಟ್ಯೂಬ್ ಇಡುತ್ತೇವೆ. ಆಮೇಲೆ ಅದನ್ನು ಬೆಚ್ಚಗೆ ಇಟ್ಟು ಕಾಯುತ್ತೇವೆ. ನೇರಳೆ ಬಣ್ಣ ಹಳದಿಗೆ ತಿರುಗಿತೋ, ಒಳಗೆ ಬದುಕಿವೆ ಅಂತ ಅರ್ಥ. ಆ ದಿನದ ಸಾಮಾನು ಯಾರೂ ಮುಟ್ಟುವುದಿಲ್ಲ. ಅಷ್ಟು ದೊಡ್ಡ ಯಂತ್ರವನ್ನೂ ನಾವು ಸುಮ್ನೆ ನಂಬುವುದಿಲ್ಲ ಅತ್ತೆ.

ಚಿಕ್ಕಪ್ಪ: ಬಾಟಲಿಯನ್ನು ಕುಕ್ಕರಿನಲ್ಲಿ ಕೂಗಿಸಿದರೆ?

ನಾನು: ಬಾಟಲಿಯ ನಡುವಿಗೆ ಎಷ್ಟು ಬಿಸಿ ಮುಟ್ಟಿತು ಅಂತ ಅಳೆಯದೆ ಹೇಳಲು ಆಗುವುದಿಲ್ಲ. ಅತ್ತೆ, ಈಗಲೇ ಕಣಿಲೆ ತೆಗೆದು ಫ್ರೀಜರಿಗೆ ಹಾಕಿ.

ಅತ್ತೆ: 6 ಬಾಟಲಿಯದ್ದೂ ಹಿಡಿಸುವುದಿಲ್ಲ. ಉಳಿದಿದ್ದು ಇವತ್ತೇ ಪಲ್ಯ ಮಾಡುತ್ತೇನೆ.

ಅಣ್ಣ: ಬಸ್ಸಿಗೆ ಕೊಡಬೇಡಿ. ಶನಿವಾರ ನಾನೇ ಬರುತ್ತೇನೆ.

ಚಿಕ್ಕಪ್ಪ: ನಾನು ಇದನ್ನು ತೋಟದವರ ಗುಂಪಿಗೂ ಹಾಕಿದ್ದೆ. ಅಲ್ಲಿ ಅಳಿಸಿದೆ. ನೀನು ಬರೆದಿದ್ದನ್ನೇ ಕಳಿಸಲಾ?